ಒರೆಸಿದರೂ ಹೋಗದ ಮಂಜು

ಖಾರಾ-ಕ್ಯೋಲ್
ಅಕ್ಟೋಬರ್ ೩೦, ೧೯೯೩

ತಂಗಿ ಅಕುಲೀನಾ,

ಅಲ್ದಾನ್ ನದಿ ಹೆಪ್ಪುಗಟ್ಟಿತು. ಇನ್ನು ಸ್ವಲ್ಪ ದಿನಕ್ಕೆ ಗಾಡಿ ಓಡುವಷ್ಟು ಗಟ್ಟಿಯಾಗುತ್ತದೆ. ನೀನು ಹೊಲಿದು ಕಳಿಸಿದ ತುಪ್ಪಳದ ಟೋಪಿ ಬಂದು ಸೇರಿತು. ಹಾಕಿಕೊಂಡು ಅಂಗಡಿಗೆ ಹೋದರೆ ಹೆಂಗಸರೆಲ್ಲ ಸುತ್ತಿಕೊಂಡರು. "ಏನ್ ತೆರೆಂತೈ, ಮತ್ತೆ ಮದ್ವೆನಾ?" ಎಂದರು. "ಹೆಣ್ಣಿನ್ನೂ ಸಿಕ್ಕಿಲ್ಲ, ಟೋಪಿ ಮಾತ್ರ ಸಿಕ್ಕಿದೆ" ಎಂದೆ. ನಿನ್ನ ಅತ್ತಿಗೆ ಹೋದ ಮೇಲೆ ಊರು ನನ್ನನ್ನು ನಗಿಸಿದ್ದು ಇದೇ ಮೊದಲು.

ಆಸ್ಪತ್ರೆಯ ಗಾಡಿಯನ್ನು ಚಳಿಗೆ ಸಜ್ಜು ಮಾಡಿದ್ದೇನೆ. ಹಿಂದಿನ ಕಿಟಕಿಗಳಿಗೆಲ್ಲ ಒಳಗಿನಿಂದ ಇನ್ನೊಂದು ಗಾಜು ಅಂಟಿಸಿದೆ. ನಡುವೆ ಬೆರಳು ತೂರುವಷ್ಟು ಗಾಳಿ ಉಳಿದರೆ ಅಲ್ಲಿ ಹಿಮ ಕೂರುವುದಿಲ್ಲ. ಬಾಗಿಲಿನ ಸಂದಿಗಳಿಗೆ ಹಳೆಯ ಕಂಬಳಿ ಹೊಡೆದೆ, ಇಂಜಿನ್ನಿಗೆ ಹೊದಿಕೆ ಹೊದಿಸಿದೆ. ಇಷ್ಟಾದರೂ ಮುಂದಿನ ಗಾಜು ಈ ವರ್ಷ ಮಾತು ಕೇಳುತ್ತಿಲ್ಲ. ಒರೆಸುತ್ತೇನೆ, ಮತ್ತೆ ಮಂಕು. ಎಲ್ಲಿಂದಲೋ ಪಸೆ ಒಳಗೆ ಬರುತ್ತಿದೆ. ಎಲ್ಲಿಂದ ಎಂಬುದನ್ನು ಹುಡುಕದೆ ಬಿಡುವುದಿಲ್ಲ.

ಈಗ ಮುಖ್ಯ ಸಂಗತಿ. ನಿನ್ನ ಮಗಳು ಐತಾಲಿ ನಮ್ಮೂರ ಶಾಲೆಗೆ ಟೀಚರಾಗಿ ಬಂದು, ಕುದುರೆ ಮಂದೆ ಕಾಯುವ ನಮ್ಮ ನ್ಯುರ್ಗುನ್‌ನನ್ನೇ ಕಟ್ಟಿಕೊಂಡಳಲ್ಲ, ಈಗ ಊರಿಗೆ ಒಂದು ಮಗುವನ್ನೂ ಕೊಡುತ್ತಾಳಂತೆ. ಏಪ್ರಿಲ್ ಮೊದಲ ವಾರ ಎಂದು ನರ್ಸ್ ಮಾತ್ರೋನಾ ಲೆಕ್ಕ ಹಾಕಿದ್ದಾಳೆ. ಜಿಲ್ಲಾ ಆಸ್ಪತ್ರೆ ನದಿಯಾಚೆ, ಅರ್ಧ ದಿನದ ದಾರಿ ಎಂಬುದು ನಿನಗೇ ಗೊತ್ತು. ನೀನು ಚಿಂತೆ ಮಾಡಬೇಡ. ನದಿಯ ಮೇಲಿನ ಹಿಮದ ದಾರಿ ಮುರಿಯುವ ಮುಂಚೆ ನಾನೇ ಅವಳನ್ನು ಕರೆದೊಯ್ಯುತ್ತೇನೆ.

ನಿನ್ನ ಅಣ್ಣ,
ತೆರೆಂತೈ

* * *

ಯಾಕುತ್ಸ್ಕ್
ನವೆಂಬರ್ ೨೪, ೧೯೯೩

ಅಣ್ಣಾ,

ನಿನ್ನ ಪತ್ರ ಓದಿ ಕೆಲಸದ ಮೇಜಿನಲ್ಲೇ ಅತ್ತುಬಿಟ್ಟೆ. ಪಕ್ಕದವಳು, "ಯಾರು ಹೋದ್ರು?" ಎಂದು ಕೇಳಿದಳು. "ಯಾರೂ ಹೋಗಿಲ್ಲ ಕಣೆ, ಬರ್ತಾ ಇದಾರೆ" ಎಂದೆ. ಐತಾಲಿ ನನಗೆ ಬರೆದದ್ದು ನಿನ್ನ ಪತ್ರ ಬಂದ ಮೇಲೆ. ತಾಯಿಗಿಂತ ಸೋದರಮಾವನಿಗೆ ಮೊದಲು ಹೇಳಿದ್ದಾಳೆ, ಕಳ್ಳಿ.

ಟೋಪಿ ಕಾರ್ಖಾನೆಯಲ್ಲಿ ವಸಂತದವರೆಗೆ ರಜೆ ಕೊಡುವುದಿಲ್ಲ. ಹಾಗಾಗಿ ಅವಳನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ನೀನು ಓಡಿಸುತ್ತೀ ಎಂದರೆ ನನಗೆ ರಾತ್ರಿ ನಿದ್ದೆ ಬರುತ್ತದೆ. ಬೇರೆ ಯಾರ ಗಾಡಿಗೂ ಅವಳು ಹತ್ತುವುದು ಬೇಡ.

ಗಾಜಿನ ವಿಷಯ ನಮ್ಮ ಕೆಳಗಿನ ಮನೆಯ ಗವ್ರೀಲ್‌ನನ್ನು ಕೇಳಿದೆ. ಅವನು ಟ್ಯಾಕ್ಸಿ ಓಡಿಸುತ್ತಾನೆ. "ಮೊದ್ಲು ಕಾಲಡಿ ನೋಡೋಕೆ ಹೇಳಿ ಅಕ್ಕ" ಎಂದ. ಬೂಟಿಗೆ ಅಂಟಿದ ಹಿಮ ಚಾಪೆಗೆ ಇಳಿದು ಕರಗುತ್ತದಂತೆ, ಅದೇ ನೀರು ಆವಿಯಾಗಿ ಗಾಜಿಗೆ ಹತ್ತಿ ಕೂರುತ್ತದಂತೆ. ಚಾಪೆ ತೆಗೆದು ಹಳೆಯ ಪೇಪರು ಹಾಸು. ಕಾಲುಚೀಲಕ್ಕೆ ದಪ್ಪ ಉಪ್ಪು ತುಂಬಿ ಗಾಜಿನ ಕೆಳಗೆ ಇಡು, ಉಪ್ಪು ಪಸೆ ಕುಡಿಯುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಬಾಗಿಲು ತೆರೆದು ಒಳಗಿನ ಬಿಸಿಗಾಳಿಯನ್ನು ಹೊರಗೆ ಬಿಡು. ಉಪ್ಪು ಅಲ್ಲಿ ಸಿಗದಿದ್ದರೆ ಹೇಳು, ಕಳಿಸುತ್ತೇನೆ. ಕಾಲುಚೀಲ ಮಾತ್ರ ಒಗೆದದ್ದೇ ಇರಲಿ.

ತಂಗಿ,
ಅಕುಲೀನಾ

* * *

ಖಾರಾ-ಕ್ಯೋಲ್
ಡಿಸೆಂಬರ್ ೨೧, ೧೯೯೩

ತಂಗಿ,

ಸೊನ್ನೆಗಿಂತ ಐವತ್ತು ಕೆಳಗಿಳಿದಿದೆ. ಊರ ಮೇಲೆ ಹೊಗೆಯೂ ಉಸಿರೂ ಸೇರಿ ಮಂಜಾಗಿ ನಿಂತುಬಿಟ್ಟಿದೆ. ಎದುರು ಬಂದವರು ಮೂಗಿಗೆ ಮೂಗು ತಾಗುವವರೆಗೆ ಯಾರೆಂದು ತಿಳಿಯುವುದಿಲ್ಲ. ವಿಮಾನವೂ ಬಂದಿಲ್ಲ. ಈ ಪತ್ರ ಯಾವಾಗ ಹೊರಡುತ್ತದೋ.

ಗವ್ರೀಲ್ ಹೇಳಿದ್ದನ್ನೆಲ್ಲ ಮಾಡಿದೆ. ಚಾಪೆ ಕಿತ್ತೆ, ಪೇಪರು ಹಾಸಿದೆ, ಉಪ್ಪಿನ ಕಾಲುಚೀಲ ಇಟ್ಟೆ. ಬಾಗಿಲ ಬಳಿ ಒಂದು ಪೊರಕೆ ಕಟ್ಟಿದ್ದೇನೆ. ಬೂಟು ಬಡಿಯದೆ ಯಾರೂ ಹತ್ತುವಂತಿಲ್ಲ. ಗಾಜು ಮಾತ್ರ ಹಾಗೇ ಇದೆ. ಕೊನೆಗೆ ಕಳ್ಳ ಯಾರೆಂದು ಗೊತ್ತಾಯಿತು. ಕಾಲಲ್ಲ, ಬಾಯಿ. ಜನ ಮಾತಾಡುತ್ತಾರೆ, ಉಸಿರೆಲ್ಲ ಗಾಜಿಗೆ ಹೋಗುತ್ತದೆ. ಅದಕ್ಕೇ ಕಟ್ಟಳೆ ಮಾಡಿದೆ: ಗಾಡಿಯಲ್ಲಿ ಮಾತಿಲ್ಲ, ಹಿಂದಿನ ಸೀಟಿನವರೆಲ್ಲ ಹಿಂದಕ್ಕೆ ಮುಖ ಮಾಡಿ ಕೂರಬೇಕು, ಬಾಯಿಗೆ ಶಾಲು ಸುತ್ತಿಕೊಳ್ಳಬೇಕು. ಹಲ್ಲು ಕೀಳಿಸಲು ಹೊರಟಿದ್ದ ಫೆದೋರಜ್ಜಿ ಒಪ್ಪಬೇಕಲ್ಲ.

"ಹುಟ್ಟಿದಾಗ್ಲಿಂದ ಉಸಿರಾಡ್ತಿದೀನಿ ಕಣೋ, ಯಾರೂ ಬೇಡ ಅಂದಿರ್ಲಿಲ್ಲ."

"ನನ್ ಗಾಡೀಲಿ ಬೇಡ ಅಜ್ಜಿ. ಆಡೋದೆಲ್ಲ ಇಳಿದ್ಮೇಲೆ ಆಡು."

"ಇಳಿಯೋ ಹೊತ್ತಿಗೆ ಮರ್ತೋಗುತ್ತೆ."

"ಮರ್ತ್ರೆ ಗಾಜಿಗೆ ಒಳ್ಳೇದು."

ಅಜ್ಜಿ ಆಸ್ಪತ್ರೆ ಬರುವವರೆಗೂ ಬೆನ್ನು ತಿರುಗಿಸಿ ಕೂತಿದ್ದಳು. ಇಳಿದವಳೇ ನನ್ನ ಮುಖಕ್ಕೆ ಹತ್ತಿರ ಬಂದು ಒಂದು ದೊಡ್ಡ ಉಸಿರು ಬಿಟ್ಟು ಹೋದಳು.

ಇನ್ನೊಂದು ಸಂಗತಿ ಇದೆ. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಕಳೆದ ವಾರ ಬಸೀಲಿಯ ಮನೆ ಮುಂದಿನ ಕುದುರೆ ಕಟ್ಟುವ ಕಂಬಕ್ಕೆ ಗಾಡಿ ತಾಗಿತು. ಕಂಬ ಬಿತ್ತು. ಅವನ ಮುತ್ತಾತ ನೆಟ್ಟದ್ದು. ಕುದುರೆಕಂಬವನ್ನು ನಮ್ಮಲ್ಲಿ ಕೈಯಾರೆ ಯಾರೂ ಕೀಳುವುದಿಲ್ಲ, ಕಾಲ ಬಂದಾಗ ಅದೇ ಬೀಳಬೇಕು. ಬೀಳಿಸಿದವನು ನಾನಾದೆ. ಅವರ ಒಲೆಗೆ ಬೆಣ್ಣೆ ಹಾಕಿ ಬೆಂಕಿಯ ಕ್ಷಮೆ ಕೇಳಿದೆ. ಬಸೀಲಿ ಏನೂ ಅನ್ನಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ಆ ಗಾಜಿನಿಂದ ಆದದ್ದು.

ತೆರೆಂತೈ

* * *

ಯಾಕುತ್ಸ್ಕ್
ಜನವರಿ ೧೯, ೧೯೯೪

ಅಣ್ಣಾ,

ನಿನ್ನ ಪತ್ರವೂ ಐತಾಲಿಯ ಪತ್ರವೂ ಒಂದೇ ವಿಮಾನದಲ್ಲಿ ಬಂದವು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ.

ಕಂಬ ಬಿದ್ದ ದಿನ ಅವಳೂ ಗಾಡಿಯಲ್ಲಿದ್ದಳಂತೆ. ನೀನು ಅದನ್ನು ಬರೆದಿರಲಿಲ್ಲ. "ಅಮ್ಮಾ, ಮಾವನ ಪಕ್ಕದಲ್ಲೇ ಇದ್ದೆ. ಮಧ್ಯಾಹ್ನದ ಬೆಳಕು. ಗಾಜು ತೊಳೆದಿಟ್ಟ ಬಟ್ಟಲಿನ ಹಾಗಿತ್ತು. ಮಾವ ಕಂಬದ ಕಡೆಗೇ ನೋಡ್ತಿದ್ರು. ನಾನು ಕೂಗೋಷ್ಟ್ರಲ್ಲಿ ತಾಗಿತ್ತು. ಮಾತಾಡಬಾರ್ದು ಅಂತ ಅವರೇ ಹೇಳಿದ್ರಲ್ಲ, ಅದಕ್ಕೇ ಕೂಗೋಕೆ ತಡ ಆಯ್ತು" ಎಂದು ಬರೆದಿದ್ದಾಳೆ. ಮಾವನಿಗೆ ಹೇಳಬೇಡ ಎಂದೂ ಬರೆದಿದ್ದಾಳೆ. ನಾನು ಹೇಳುತ್ತಿದ್ದೇನೆ.

ನೀನು ದಣಿದಿರಬೇಕು. ಚಳಿಗಾಲದ ದಣಿವು ಬೇರೆಯದೇ. ಚೆನ್ನಾಗಿ ತಿನ್ನು, ಕುದುರೆ ಮಾಂಸ ಇದ್ದರೆ ಬೇಯಿಸಿಕೊ. ಒಂದು ಮಾತು ಸುಮ್ಮನೆ ಕೇಳುತ್ತೇನೆ. ಸಂಜೆ ದೀಪ ಹಾಕಿದಾಗ ಅದರ ಸುತ್ತ ಬಳೆಯ ಹಾಗೆ ಏನಾದರೂ ಕಾಣುತ್ತದೆಯೇ? ಮತ್ತೆ, ನಿನ್ನ ಅಕ್ಷರ ಯಾಕೆ ಇಷ್ಟು ದೊಡ್ಡದಾಗಿದೆ? ಎರಡು ಸಾಲು ಒಂದರ ಮೇಲೊಂದು ಹತ್ತಿವೆ.

ಬೇರೆ ಏನೂ ಬರೆಯುವುದಿಲ್ಲ. ಕೆಲವು ಮಾತುಗಳನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಆಡುತ್ತಿರಲಿಲ್ಲ. ಕಾಗದದ ಮೇಲೆ ಇಡಲು ನನಗೂ ಕೈ ಬರುತ್ತಿಲ್ಲ.

ಅಕುಲೀನಾ

* * *

ಖಾರಾ-ಕ್ಯೋಲ್
ಫೆಬ್ರವರಿ ೧೪, ೧೯೯೪

ಅಕುಲೀನಾ,

ನಾನು ಗಾಜಿನ ಬಗ್ಗೆ ಬರೆದರೆ ನೀನು ದೀಪದ ಬಗ್ಗೆ ಕೇಳುತ್ತೀಯ. ದೀಪದ ಸುತ್ತ ಕತ್ತಲೆ ಕಾಣುತ್ತದೆ. ಬೇರೆ ಏನು ಕಾಣಬೇಕು? ಅಕ್ಷರ ದೊಡ್ಡದಾಗಿದ್ದು ಪೆನ್ನಿನ ಶಾಯಿ ಹೆಪ್ಪುಗಟ್ಟುವುದರಿಂದ. ಬೆರಳುಗಳೂ ಹಾಗೇ.

ಗಾಡಿಯ ಕಷ್ಟ ತೀರಿತು. ನನ್ನ ಪಕ್ಕದ ಕಿಟಕಿಯನ್ನು ಒಂದು ಬೆರಳು ತೆರೆದಿಟ್ಟು, ಹೀಟರಿನ ಬಿಸಿಗಾಳಿ ನೇರ ಮುಂದಿನ ಗಾಜಿಗೆ ಹೊಡೆಯುವಂತೆ ತಗಡಿನ ಕೊಳವೆ ಮಾಡಿ ಕೂರಿಸಿದ್ದೇನೆ. ಒಳಗಿನ ಪಸೆ ಕಿಟಕಿಯಿಂದ ಹೊರಗೆ ಹೋಗುತ್ತದೆ. ಗಾಜೀಗ ಕನ್ನಡಿಯ ಹಾಗಿದೆ. ಇನ್ನು ಮುಂದೆ ಅದರ ಬಗ್ಗೆ ನಾನು ಬರೆಯುವುದಿಲ್ಲ, ನೀನೂ ಕೇಳಬೇಡ.

ಹುಟ್ಟುವವರನ್ನೂ ಸಾಯುವವರನ್ನೂ ಈ ನದಿ ದಾಟಿಸಿ ನನ್ನ ತಲೆ ಬೆಳ್ಳಗಾಗಿದೆ. ಒಂದು ಕಂಬ ಬಿದ್ದದ್ದಕ್ಕೆ ನನ್ನ ತಂಗಿಯೇ ನನ್ನನ್ನು ಪರೀಕ್ಷೆ ಮಾಡಬೇಕೇ? ಐತಾಲಿಯನ್ನು ನಾನೇ ಕರೆದೊಯ್ಯುತ್ತೇನೆ. ಕೊಟ್ಟ ಮಾತು ಕೊಟ್ಟದ್ದೇ.

ತೆರೆಂತೈ

* * *

ಯಾಕುತ್ಸ್ಕ್
ಮಾರ್ಚ್ ೧೦, ೧೯೯೪

ಅಣ್ಣಾ,

ಈ ಪತ್ರವನ್ನು ತಂಗಿ ಬರೆಯುತ್ತಿಲ್ಲ, ಐತಾಲಿಯ ತಾಯಿ ಬರೆಯುತ್ತಿದ್ದಾಳೆ. ಅದಕ್ಕೇ ಮನೆಯ ಕಟ್ಟಳೆಯನ್ನು ಮುರಿಯುತ್ತಿದ್ದೇನೆ.

ಮಂಜು ಗಾಜಿನ ಮೇಲಿಲ್ಲ. ನಿನ್ನ ಕಣ್ಣಿನಲ್ಲಿದೆ.

ಅಮ್ಮನನ್ನು ನೆನೆಸಿಕೊ. ಅವಳು ಒಲೆಯ ಹೊಗೆ ಎನ್ನುತ್ತಿದ್ದಳು. "ಒಲೆ ಸರಿಯಿಲ್ಲ, ಮನೆಯೆಲ್ಲ ಹೊಗೆ" ಎನ್ನುತ್ತಿದ್ದಳು. ಅಪ್ಪ ಒಲೆಯನ್ನು ಒಡೆದು ಒಡೆದು ಮತ್ತೆ ಕಟ್ಟಿದ. ನಾವಿಬ್ಬರೂ ಮಣ್ಣು ಕಲಸಿ ಕೊಟ್ಟೆವು. ಹೊಗೆ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ಹೆಸರು ಹೇಳಿದರೆ ಅದು ಬಂದೇ ಬಿಡುತ್ತದೆ ಎಂಬ ಭಯ. ಹೇಳದೆ ಇದ್ದದ್ದರಿಂದ ಅದು ಬರದೆ ಉಳಿಯಿತೇ? ಕೊನೆಗೆ ದನದ ಕೊಟ್ಟಿಗೆಗೂ ನೀನು ಅವಳ ಕೈ ಹಿಡಿದು ಕರೆದೊಯ್ಯುತ್ತಿದ್ದೆ. ಈಗ ನೀನೂ ಹೊಸ ಒಲೆ ಕಟ್ಟುತ್ತಿದ್ದೀಯ. ಉಪ್ಪು ಕಳಿಸುತ್ತೇನೆಂದು ಬರೆದು ನಾನು ನಿನಗೆ ಮಣ್ಣು ಕಲಸಿ ಕೊಟ್ಟೆ.

ಇಲ್ಲಿಯ ಕಣ್ಣಿನ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಅಲ್ಲೊಬ್ಬ ಹೆಣ್ಣು ಡಾಕ್ಟರು, ಮಗಳ ವಯಸ್ಸಿನವಳು. "ನೋಡ್ದೆ ಏನೂ ಹೇಳಕ್ಕಾಗಲ್ಲ ಅಮ್ಮ. ಬರೀ ಪೊರೆ ಆಗಿದ್ರೆ ತೆಗೀಬಹುದು. ಕರ್ಕೊಂಡ್ ಬನ್ನಿ" ಎಂದಳು. ಅಮ್ಮನ ಕಾಲದಲ್ಲಿ ಹೀಗೆ ಹೇಳುವವರು ಇರಲಿಲ್ಲ.

ಕೊನೆಯದಾಗಿ, ಕಠಿಣವಾದ ಮಾತು. ನನ್ನ ಮಗಳನ್ನು ನಿನ್ನ ಗಾಡಿಗೆ ಹತ್ತಿಸಬೇಡ. ಮೊದಲು ನಾನೇ ಅವಳನ್ನು ನಿನಗೆ ಒಪ್ಪಿಸಿದೆ, ಈಗ ನಾನೇ ಕಿತ್ತುಕೊಳ್ಳುತ್ತಿದ್ದೇನೆ. ನೀನು ನನ್ನ ಜೊತೆ ಜೀವನಪೂರ್ತಿ ಮಾತು ಬಿಟ್ಟರೂ ಸರಿ. ನದಿಯ ಮೇಲೆ ಇಬ್ಬರನ್ನೂ ಕಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ಮೂವರನ್ನು ಎಂದು ಬರೆಯಬೇಕಿತ್ತು.

ಅಕುಲೀನಾ

* * *

ಖಾರಾ-ಕ್ಯೋಲ್
ಏಪ್ರಿಲ್ ೪, ೧೯೯೪

ತಂಗಿ,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನರ್ಸ್ ಮಾತ್ರೋನಾ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆಂದು ಬೆಂಕಿಯ ಮುಂದೆ ಆಣೆ ಮಾಡಿದ್ದಾಳೆ.

ಮೊದಲು ಸಿಹಿ ಸುದ್ದಿ. ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ. ತಾಯಿ ಮಗು ಇಬ್ಬರೂ ಆರಾಮ, ಇನ್ನೂ ಜಿಲ್ಲಾ ಆಸ್ಪತ್ರೆಯಲ್ಲೇ ಇದ್ದಾರೆ. ತಂತಿ ಸಿಕ್ಕಿರಬೇಕು. ತಂತಿಯಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ.

ಮಾರ್ಚ್ ನಡುವಿನಲ್ಲಿ ಬಿಸಿಲು ಬಂತು. ಹಿಮದ ಮೇಲೆ ಬಿಸಿಲು ಬಿದ್ದರೆ ನಮ್ಮೂರು ಹೇಗೆ ಉರಿಯುತ್ತದೆಂದು ನಿನಗೆ ಗೊತ್ತಲ್ಲ. ಒಂದು ಬೆಳಿಗ್ಗೆ ಗಾಡಿಯ ಬಾಗಿಲುಗಳನ್ನೆಲ್ಲ ತೆರೆದು ಒಳಗೆ ಗಾಳಿ ಆಡಲು ಬಿಟ್ಟೆ. ಮುಂದಿನ ಗಾಜಿನಲ್ಲಿ ಅದೇ ಮಂಕು. ಒಣಬಟ್ಟೆ ತೆಗೆದುಕೊಂಡು ಒರೆಸಿದೆ. ಬಟ್ಟೆ ಒಣಗಿಯೇ ಇತ್ತು. ಅಂಗೈ ಇಟ್ಟೆ. ಗಾಜು ಬೆಚ್ಚಗಿತ್ತು, ಒಣಗಿತ್ತು. ಕೆಳಗಿಳಿದು ಬರಿಗಣ್ಣಿನಿಂದ ನದಿಯ ಕಡೆ ನೋಡಿದೆ. ಆ ಮಂಜು ನನ್ನ ಜೊತೆಗೇ ಇಳಿದು ಬಂದಿತ್ತು. ತಿರುಗಿದ ಕಡೆ ತಿರುಗಿತು. ಬಾಗಿಲ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಅಮ್ಮನ ಒಲೆ ನೆನಪಾಯಿತು. ಆದರೆ ಆ ದಿನ ಯಾರಿಗೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಏಪ್ರಿಲ್ ಇನ್ನೂ ದೂರ ಇದೆ, ಅಷ್ಟರಲ್ಲಿ ನ್ಯುರ್ಗುನ್ ಮಂದೆ ಬಿಟ್ಟು ಬರುತ್ತಾನೆ, ಅವನಿಗೆ ಒಪ್ಪಿಸಿದರಾಯಿತು, ಹೊಟ್ಟೆನೋವು ಎಂದು ಏನಾದರೂ ನೆಪ ಹೇಳಿದರಾಯಿತು ಎಂದುಕೊಂಡೆ.

ಮಗು ನನ್ನ ನೆಪಕ್ಕೆ ಕಾಯಲಿಲ್ಲ. ಇಪ್ಪತ್ತಾರರ ಬೆಳಿಗ್ಗೆ ಐತಾಲಿಗೆ ನೋವು ಶುರುವಾಯಿತು. ನ್ಯುರ್ಗುನ್ ಮಂದೆಯ ಜೊತೆ, ಓಡಿಸಬಲ್ಲ ಗಂಡಸರೆಲ್ಲ ಊರಿನ ಇನ್ನೊಂದು ಗಾಡಿ ತೆಗೆದುಕೊಂಡು ದೂರದ ಹುಲ್ಲುಗಾವಲಿನಿಂದ ಮೇವು ತರಲು ಹೋಗಿದ್ದರು. ಮಾತ್ರೋನಾ ಓಡಿ ಬಂದಳು. "ಮಗು ಅಡ್ಡ ಇದೆ, ಇಲ್ಲಿ ನನ್ ಕೈಲಾಗಲ್ಲ, ಹೊರಡು!" ಎಂದಳು. ನೆರೆಯ ಹೆಂಗಸರು ಐತಾಲಿಯನ್ನು ಗಾಡಿಯೊಳಗೆ ಮಲಗಿಸಿದರು. ಫೆದೋರಜ್ಜಿ ಯಾರೂ ಕರೆಯದೆ ಹತ್ತಿ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಕೀ ಹಿಡಿದು ಹೊರಗೆ ನಿಂತಿದ್ದೆ. ನಿನ್ನ ಪತ್ರ ಆಗಿನ್ನೂ ಬಂದಿರಲಿಲ್ಲ, ಅಕುಲೀನಾ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಗಾಡಿ ಹತ್ತಿ ಕೂತಿದ್ದರೆ ಎಲ್ಲರೂ ನನ್ನ ಹಿಂದೆ ನಿಶ್ಚಿಂತೆಯಿಂದ ಕೂರುತ್ತಿದ್ದರು.

"ಕೀ ತಗೋ ಮಾತ್ರೋನಾ" ಎಂದೆ.

"ತಲೆ ಕೆಟ್ಟಿದ್ಯಾ? ಸ್ಕೂಲಲ್ಲಿ ಟ್ರ್ಯಾಕ್ಟರ್ ಓಡ್ಸಿದ್ದು ಬಿಟ್ರೆ ನಂಗೇನ್ ಬರುತ್ತೆ?"

"ನಂಗೆ ಕಾಣಲ್ಲ."

"ಗಾಜು ಒರೆಸ್ಕೋ."

"ಗಾಜಲ್ಲ ಕಣೇ. ನಂಗೆ ಕಾಣಲ್ಲ. ನೀನು ನಿಂತಿದೀಯ ಅಂತ ಗೊತ್ತಾಗ್ತಿದೆ, ನಿನ್ ಮುಖ ಕಾಣಲ್ಲ."

ಒಳಗಿನಿಂದ ಐತಾಲಿ ಕೂಗಿದಳು: "ಯಾರಾದ್ರೂ ಓಡ್ಸಿ ಮಾವಾ, ಇಲ್ಲಾಂದ್ರೆ ನಾನೇ ಎದ್ದು ಓಡಿಸ್ತೀನಿ!"

ಮಾತ್ರೋನಾ ಸ್ಟಿಯರಿಂಗಿನ ಹಿಂದೆ ಕೂತಳು, ನಾನು ಪಕ್ಕದಲ್ಲಿ. ಇಂಜಿನ್ನಿನ ಸದ್ದು ಕೇಳಿ ಕ್ಲಚ್ಚು ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂದು ಹೇಳುತ್ತಿದ್ದೆ. ಗೇರನ್ನು ನಾನೇ ಹಾಕುತ್ತಿದ್ದೆ. ಕಣ್ಣಿಗೆ ಕಂಡದ್ದನ್ನು ಅವಳು ಹೇಳುತ್ತಿದ್ದಳು, ಹೋಗಬೇಕಾದ ಕಡೆಯನ್ನು ನಾನು. "ಎಡಕ್ಕೆ ಗುರುತಿನ ಕೊಂಬೆ ನೆಟ್ಟಿದಾರೆ", "ಅದನ್ನ ಎಡಕ್ಕೇ ಬಿಟ್ಟು ಹೋಗು", "ಇಲ್ಲಿ ಹಿಮ ನೀಲಿಯಾಗಿದೆ", "ನೀಲಿ ಗಟ್ಟಿ, ಹೋಗು." ನದಿಯ ನಡುವೆ ಇಂಜಿನ್ ಒಮ್ಮೆ ನಿಂತಿತು. ಮಾತ್ರೋನಾ ಅಳಲು ಶುರುಮಾಡಿದಳು. (ಅಳಲಿಲ್ಲ, ಬೈದೆ. — ಮಾತ್ರೋನಾ) ನಾನು ಬಾಗಿಲು ತೆರೆದು ಕಿವಿ ಕೊಟ್ಟೆ. ಕೆಳಗೆ ನೀರಿನ ಸದ್ದಿರಲಿಲ್ಲ. ಮತ್ತೆ ಹೊರಟೆವು.

ಆಗ ಒಂದು ಸಂಗತಿ ನಡೆಯಿತು. ಹಿಂದೆ ಐತಾಲಿ ನೋವಿಗೆ ಏದುಸಿರು ಬಿಡುತ್ತಿದ್ದಳು, ಫೆದೋರಜ್ಜಿ ಅವಳಿಗೆ ಧೈರ್ಯ ಹೇಳುತ್ತ ಬಾಯಿ ಮುಚ್ಚಿರಲೇ ಇಲ್ಲ. ಹೊರಗೆ ಚಳಿ ಇನ್ನೂ ಕಚ್ಚುತ್ತಿತ್ತು. "ತೆರೆಂತೈ, ಗಾಜು ಮುಚ್ಕೋತಿದೆ, ಏನೂ ಕಾಣ್ತಿಲ್ಲ!" ಎಂದಳು ಮಾತ್ರೋನಾ. ನಾನು ಕೈ ಚಾಚಿದೆ. ಬೆರಳಿಗೆ ಹಿಮ ಸಿಕ್ಕಿತು, ಒರಟಾದ, ತಣ್ಣಗಿನ, ನಿಜವಾದ ಹಿಮ. ಇಡೀ ಚಳಿಗಾಲ ನಾನು ಬೈದುಕೊಂಡು ಓಡಾಡಿದ ಆ ಹಿಮವನ್ನು ಮುಟ್ಟಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹೇಳಿದರೆ ನಗುತ್ತೀಯ. ಕಿಟಕಿಯನ್ನು ಒಂದು ಬೆರಳು ಇಳಿಸಿದೆ. ತಗಡಿನ ಕೊಳವೆಯನ್ನು ಅವಳ ಕಡೆ ತಿರುಗಿಸಿದೆ. ಉಗುರಿನಿಂದ ಕೆರೆದೆ, ಅಂಗೈಯ ಬಿಸಿಯಿಂದ ಕರಗಿಸಿದೆ, ಬಟ್ಟೆಯಿಂದ ಒರೆಸಿದೆ. "ಈಗ?" ಎಂದು ಕೇಳುತ್ತಿದ್ದೆ. "ಇನ್ನೂ ಸ್ವಲ್ಪ ಬಲಕ್ಕೆ" ಎನ್ನುತ್ತಿದ್ದಳು. ಆಚೆ ದಡ ಸೇರುವವರೆಗೂ ಅದೇ ನನ್ನ ಕೆಲಸ. ಫೆದೋರಜ್ಜಿಗೆ ಸುಮ್ಮನಿರು ಎಂದು ಹೇಳಲಿಲ್ಲ. ಅವಳ ಮಾತು ನಿಂತರೆ ಐತಾಲಿಯ ಧೈರ್ಯವೂ ನಿಲ್ಲುತ್ತಿತ್ತು.

ಮಧ್ಯಾಹ್ನ ಆಪರೇಷನ್ ಮಾಡಿ ಮಗುವನ್ನು ತೆಗೆದರು. ನನ್ನ ತೋಳಿಗೆ ಕೊಟ್ಟರು. ಯಾರ ಹೋಲಿಕೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಹೌದು ಹೌದು ಎಂದೆ.

ನಿನ್ನ ಪತ್ರ ನಾವು ಊರಿಗೆ ಮರಳಿದ ಮರುದಿನದ ವಿಮಾನದಲ್ಲಿ ಬಂತು. ಮಾತ್ರೋನಾ ಓದಿದಳು. ಒಂದು ಕಡೆ ನಿಂತು, "ಇಲ್ಲೊಂದ್ ಸಾಲು ಶಾಯಿ ಹರಡ್ಕೊಂಡಿದೆ" ಎಂದಳು. "ಹರಡ್ಕೊಂಡಿಲ್ಲ, ಓದು" ಎಂದೆ. ಓದಿದಳು. ಇನ್ನೊಮ್ಮೆ ಓದಿಸಿದೆ. ನೀನು ಬರೆದದ್ದು ಸರಿ. ಇಷ್ಟು ತಡವಾಗಿ ಬರೆದೆಯಲ್ಲ ಎಂದು ಸಿಟ್ಟು ಬಂತು. ಆಮೇಲೆ, ಮುಂಚೆ ಬರೆದಿದ್ದರೆ ನಾನು ಅದನ್ನು ಒಲೆಗೆ ಹಾಕುತ್ತಿದ್ದೆ ಎಂಬುದೂ ಹೊಳೆಯಿತು. ಒಂದು ಮಾತು ಮಾತ್ರ ಹೇಳಬೇಕು. ಅಮ್ಮನ ಕೈ ಹಿಡಿದು ನಡೆಯುವಾಗ ನಾನು ಅವಳಿಗೆ ಒಮ್ಮೆಯೂ, "ಅಮ್ಮಾ, ನಿಂಗೆ ಕಾಣಲ್ವಾ?" ಎಂದು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ನನಗಾಯಿತು.

ಗಾಡಿಯ ಕೀ ಮಾತ್ರೋನಾ ಹತ್ತಿರವೇ ಇದೆ. ಬೇಸಿಗೆಯಲ್ಲಿ ಕಲಿತು ಲೈಸೆನ್ಸು ತೆಗೆದುಕೊಳ್ಳುತ್ತಾಳಂತೆ. ಬಸೀಲಿ ಬಂದು ಕೂತು ಹೋದ. "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ, ಕಂಬ ನಿಲ್ಸೋಕಾಗಲ್ಲ, ನಿನ್ನಾದ್ರೂ ನಿಲ್ಲಿಸ್ತಿದ್ವಿ" ಎಂದು ಬೈದ. ಮನಸ್ಸಿಗೆ ಸಮಾಧಾನವಾಯಿತು.

ಆ ಡಾಕ್ಟರಮ್ಮನಿಗೆ ಬರುತ್ತೇನೆಂದು ಹೇಳು. ಪೊರೆಯೇ ಆಗಿದ್ದರೆ ತೆಗೆಯಲಿ. ಬೇರೆ ಏನಾದರೂ ಆಗಿದ್ದರೆ ಅದರ ಹೆಸರನ್ನು ನನ್ನ ಮುಖಕ್ಕೇ ಹೇಳಲಿ, ಹೆದರುವುದಿಲ್ಲ. ಸುಳ್ಳು, ಹೆದರುತ್ತೇನೆ. ಆದರೂ ಹೇಳಲಿ.

ಈ ತಿಂಗಳ ಕೊನೆಯ ಶುಕ್ರವಾರದ ವಿಮಾನಕ್ಕೆ ಮಾತ್ರೋನಾ ನನ್ನನ್ನು ಹತ್ತಿಸುತ್ತಾಳೆ. ನೀನು ನಿಲ್ದಾಣಕ್ಕೆ ಬಾ. ಆದರೆ ಬೇಲಿಯ ಬಳಿ ನಿಂತು ಕೈ ಬೀಸಬೇಡ, ನನಗೆ ಕಾಣುವುದಿಲ್ಲ. ಜನ ಏನೆಂದುಕೊಂಡಾರೋ ಎಂದು ನಾಚಿಕೊಳ್ಳದೆ ಗಟ್ಟಿಯಾಗಿ ಕೂಗು. ದನಿ ಬಂದ ಕಡೆಗೆ ನಡೆದು ಬರುತ್ತೇನೆ.

ನಿನ್ನ ಅಣ್ಣ,
ತೆರೆಂತೈ